ಇಪ್ಪತ್ತೆಂಟನೆಯ ದಿನ

"ನಮ್ಮಪ್ಪ ಇಪ್ಪತ್ತೆಂಟೇ ದಿನಕ್ಕೆ ಎದ್ದು ಆಡಿದ್ದ, ಡಾಕ್ಟ್ರೇ," ಎಂದಳು ಬೈತೋಯ್. "ಬೇಕಾದ್ರೆ ಕೇಳಿ, ಇಲ್ಲೇ ಕೂತವ್ನೆ."

ಡಾಕ್ಟರಮ್ಮ ಕಂಪ್ಯೂಟರಿನಿಂದ ಕಣ್ಣೆತ್ತಿ ಬುಂಚೂನನ್ನು ನೋಡಿದರು. ಬುಂಚೂ ಗೋಡೆಯ ಮೇಲಿದ್ದ ಬೆನ್ನುಮೂಳೆಯ ಚಿತ್ರ ನೋಡಿದ. ಐವತ್ತೊಂದು ವರ್ಷದ ಮನುಷ್ಯ. ಮದುವೆ ಮನೆಯಿರಲಿ, ಸಾವಿನ ಮನೆಯಿರಲಿ, ಈ ಇಪ್ಪತ್ತೆಂಟು ದಿನದ ಕಥೆಯನ್ನು ಯಾರೂ ಕೇಳದಿದ್ದರೂ ಹೇಳುತ್ತಾ ಬಂದವನು. ಇವತ್ತು ಮಗಳೇ ಪೀಠ ಹಾಕಿಕೊಟ್ಟರೂ ಬಾಯಿ ಬಿಡಲಿಲ್ಲ.

"ಇದು ಇಪ್ಪತ್ತೆಂಟು ದಿನಕ್ಕೆ ಕೂಡಿಕೊಳ್ಳೋದಲ್ಲ ಮರಿ," ಎಂದರು ಡಾಕ್ಟರಮ್ಮ. ಅವರಿಗೇ ಮೂವತ್ತು ದಾಟಿರಲಿಕ್ಕಿಲ್ಲ. ಪರದೆಯ ಮೇಲಿದ್ದ ಕಪ್ಪುಬಿಳುಪು ಮಂಡಿಯ ಮೇಲೆ ಪೆನ್ನಿನ ತುದಿ ಇಟ್ಟರು. "ಇಲ್ಲಿ ಒಂದು ಹಗ್ಗ ಇರ್ಬೇಕು, ಲಿಗಮೆಂಟ್ ಅಂತೀವಿ. ನಿಂದು ಪೂರ್ತಿ ಹರಿದಿದೆ. ತೊಡೆಯಿಂದ ಒಂದು ಎಳೆ ತೆಗೆದು ಹೊಸದಾಗಿ ಕಟ್ಟಬೇಕು. ಆಮೇಲೆ ಒಂಬತ್ತು ತಿಂಗಳು ಆಟ ಇಲ್ಲ. ಹಿಂಗೇ ಆಡಿದ್ರೆ ಎರಡು ಮೂಳೆ ಮಧ್ಯದ ಮೆತ್ತೆ ಅರೆದುಹೋಗುತ್ತೆ. ಅಲ್ಲಿಗೆ ಮುಗೀತು, ನಾನೂ ಏನೂ ಮಾಡಕ್ಕಾಗಲ್ಲ."

"ಬಿದ್ದು ಎಂಟು ದಿನ ಆಯ್ತು. ಆಯ್ಕೆಗೆ ಇನ್ನು ಇಪ್ಪತ್ತು ದಿನ ಐತೆ. ಎಂಟೂ ಇಪ್ಪತ್ತೂ ಎಷ್ಟಾಯ್ತು, ನೀವೇ ಹೇಳಿ," ಎಂದಳು ಹುಡುಗಿ.

ಹದಿನೇಳು ವರ್ಷದ ಬೈತೋಯ್ ಚೆಂಡನ್ನು ಕಾಲಿನಿಂದಲೇ ಬಲೆ ದಾಟಿಸುವ ತಕ್ರೋ ಆಟದ ಪ್ರಾಂತ್ಯದ ಹುಡುಗಿಯರ ತಂಡದಲ್ಲಿ ಹೊಡೆಯುವವಳು. ಬ್ಯಾಂಕಾಕಿನ ಕ್ರೀಡಾಶಾಲೆಯವರು ವರ್ಷಕ್ಕೊಮ್ಮೆ ಬಂದು ಆರೇ ಹುಡುಗಿಯರನ್ನು ಆರಿಸಿಕೊಂಡು ಹೋಗುತ್ತಾರೆ. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತದೆ.

ಡಾಕ್ಟರಮ್ಮ ಬುಂಚೂನ ಕಡೆ ತಿರುಗಿದರು. "ಮುಂದಿನ ತಿಂಗಳು ಮೊದಲ ವಾರ ಒಬ್ಬರು ಆಪರೇಷನ್ ಬೇಡ ಅಂದಿದ್ದಾರೆ, ಆ ಜಾಗ ಖಾಲಿ ಇದೆ. ಹನ್ನೆರಡು ಗಂಟೆಯೊಳಗೆ ಹೇಳಿದ್ರೆ ಇವಳ ಹೆಸರು ಬರೀತೀನಿ. ಅಪ್ಪ ಅಂತ ರುಜು ನೀವು ಹಾಕಬಹುದು. ಆದ್ರೆ ಆಮೇಲಿನ ಒಂಬತ್ತು ತಿಂಗಳ ವ್ಯಾಯಾಮ ಅವಳೇ ಮಾಡ್ಬೇಕು. ಮನಸ್ಸಿಲ್ಲದ ಹುಡುಗಿಯ ಮಂಡಿ ಕುಯ್ದು ನಾನೇನು ಮಾಡ್ಲಿ? ಹೊರಗೆ ಕೂತು ಮಾತಾಡ್ಕೊಂಡು ಬನ್ನಿ."

ಹೊರಗೆ ಮೂಳೆ ವಿಭಾಗದ ಉದ್ದನೆಯ ಪಡಸಾಲೆಯಲ್ಲಿ ಬುಂಚೂನ ಅಕ್ಕ ಸಾಲಿ ಮೂರು ಕುರ್ಚಿಗಳನ್ನು ಕೈಚೀಲ, ಕೊಡೆ ಮತ್ತು ತನ್ನ ಶರೀರದಿಂದ ಹಿಡಿದಿಟ್ಟುಕೊಂಡಿದ್ದಳು. ಊರಿನ ಆರೋಗ್ಯ ಸ್ವಯಂಸೇವಕಿ ಅವಳು. ಇಡೀ ಕೇರಿಯ ರಕ್ತದೊತ್ತಡ ಅವಳಿಗೆ ಬಾಯಿಪಾಠ. ಆಸ್ಪತ್ರೆಯಲ್ಲಿ ಯಾವ ಕಿಟಕಿಯಲ್ಲಿ ಯಾವ ಚೀಟಿ ಕೊಡುತ್ತಾರೆಂದು ಕಣ್ಣುಮುಚ್ಚಿ ಹೇಳಬಲ್ಲಳು. ಸಂತೆಯಲ್ಲಿ ಮೀನಿನ ಅಂಗಡಿ ಬಿಟ್ಟು ಬರಲಾಗದ ಹುಡುಗಿಯ ಅಮ್ಮನ ಬದಲಿಗೆ ಬಂದಿದ್ದಳು.

"ಏನಂದ್ರು?"

"ಒಂಬತ್ತು ತಿಂಗಳಂತೆ," ಎಂದಳು ಬೈತೋಯ್, ಕುಂಟುತ್ತಾ ಬಂದು ಕೂತು. "ಅತ್ತೆ, ನಾಳೆ ನನ್ನ ಎಣ್ಣೆ ವೈದ್ಯರ ಮನೆಗೆ ಕರ್ಕೊಂಡು ಹೋಗು. ದೊಡ್ಡವರು ಸತ್ರೂ ಮಗ ಅವ್ನಲ್ಲ, ಅದೇ ಎಣ್ಣೆ, ಅದೇ ಮಂತ್ರ. ಕೋಳಿ ನಾನೇ ತಗೊಂಡು ಹೋಗ್ತೀನಿ. ಅಪ್ಪನಿಗೆ ವಾಸಿಯಾಗಿದ್ದು ನನಗ್ಯಾಕೆ ಆಗಬಾರ್ದು?"

ಸಾಲಿ ಚೀಲದಿಂದ ಬಾಳೆಲೆಯಲ್ಲಿ ಸುಟ್ಟ ಅಂಟಕ್ಕಿಯ ಪೊಟ್ಟಣ ತೆಗೆದು ಅವಳ ಕೈಗಿಟ್ಟಳು. ಅಷ್ಟರಲ್ಲಿ ನರ್ಸು ಬಂದು, ಮಂಡಿಗೆ ಪಟ್ಟಿ ಕಟ್ಟಿ ಊರುಗೋಲಿನ ಅಳತೆ ತೆಗೆಯಬೇಕೆಂದು ಹುಡುಗಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಹೋದಳು. ಗೋಡೆಯ ಗಡಿಯಾರದಲ್ಲಿ ಹನ್ನೊಂದು ಗಂಟೆ ಐದು ನಿಮಿಷವಾಗಿತ್ತು.

ಆ ಕಥೆ ನಮ್ಮ ಕಡೆ ಗೊತ್ತಿಲ್ಲದವರಿಲ್ಲ. ಮೂವತ್ತಮೂರು ವರ್ಷದ ಹಿಂದೆ ತಕ್ರೋ ಚೆಂಡು ಇನ್ನೂ ಬೆತ್ತದ್ದೇ. ಈಗಿನ ಪ್ಲಾಸ್ಟಿಕ್ ಚೆಂಡು ಕಾಲಿಗೆ ತಾಗಿದರೆ ಚಪ್ಪಲಿಯ ಸದ್ದು ಬರುತ್ತದೆ. ಆಗಿನ ಚೆಂಡಿಗೆ ಬೇರೆಯೇ ನಾದವಿತ್ತು. ಸಂಜೆ ನಾಲ್ಕಾಯಿತೆಂದರೆ ವಿಹಾರದ ಅಂಗಳದಿಂದ ಟಕ್, ಟಕ್ ಎಂದು ಶುರುವಾಗಿ ಗದ್ದೆಯ ಆಚೆಗೂ ಕೇಳುತ್ತಿತ್ತು. ಕೇಳಿದ ಹುಡುಗರು ಎಮ್ಮೆಗಳನ್ನು ಎಲ್ಲಿದ್ದವೋ ಅಲ್ಲೇ ಬಿಟ್ಟು ಓಡುತ್ತಿದ್ದರು. ಕೈ ತಾಗಿಸುವಂತಿಲ್ಲ, ಕಾಲು ತಲೆ ಎದೆಗಳಿಂದಲೇ ಬಲೆ ದಾಟಿಸಬೇಕು. ಹಿರಿಯ ಭಿಕ್ಷುಗಳು ಗುಡಿಸಿದ ಅಂಗಳವನ್ನೇ ಮತ್ತೆ ಮತ್ತೆ ಗುಡಿಸುತ್ತಾ ಆಟ ನೋಡುತ್ತಿದ್ದರು. ಭಿಕ್ಷುಗಳು ಆಟ ನೋಡಬಾರದು. ಗುಡಿಸಬಾರದೆಂದು ಯಾರೂ ಹೇಳಿಲ್ಲವಲ್ಲ. ಆ ಅಂಗಳ ಈಗ ಸಿಮೆಂಟಾಗಿದೆ, ಕಾರುಗಳು ನಿಲ್ಲುತ್ತವೆ. ಹೊಟ್ಟೆ ಉರಿಯುತ್ತದೆ, ಏನು ಮಾಡುವುದು.

ಹದಿನೆಂಟರ ಬುಂಚೂ ಆಗ ಎಂಟು ಊರಿಗೆ ಒಬ್ಬನೇ. ಬಲೆಗೆ ಬೆನ್ನು ಮಾಡಿ ನಿಂತು, ಚೆಂಡು ಮೇಲೇರಿದ ಕೂಡಲೇ ತಾನೂ ಹಾರಿ, ಗಾಳಿಯಲ್ಲೇ ಪಲ್ಟಿ ಹೊಡೆದು ಎದುರಿನವರ ಅಂಗಳಕ್ಕೆ ಬಾರಿಸುತ್ತಿದ್ದ. ಒಂದು ಸಂಜೆ ಹಾಗೆ ಹಾರಿ ಇಳಿಯುವಾಗ ಹುಣಸೆಮರದ ಬೇರಿನ ಮೇಲೆ ಕಾಲು ಬಿದ್ದು ಬಲಮಂಡಿ ತಿರುಚಿಕೊಂಡಿತು. ಆಸ್ಪತ್ರೆ ಇರಲಿಲ್ಲವೆಂದಲ್ಲ, ಕಾಲಿಗೆ ಪೆಟ್ಟಾದರೆ ಆಸ್ಪತ್ರೆಗೆ ಹೋಗಬೇಕೆಂದು ಆಗ ಯಾರಿಗೂ ಹೊಳೆಯುತ್ತಿರಲಿಲ್ಲ. ಎಣ್ಣೆ ಹಚ್ಚಿ ಮಂತ್ರ ಹಾಕುವ ಪ್ರಂಗ್ ವೈದ್ಯರ ಮನೆಗೆ ಹೊತ್ತುಕೊಂಡು ಹೋದರು.

ವೈದ್ಯರ ಕ್ರಮ ಎಲ್ಲರಿಗೂ ಗೊತ್ತಿದ್ದದ್ದೇ. ಒಂದು ಎಳೆಯ ಹೇಂಟೆಯ ಕಾಲನ್ನು ಲಟಕ್ಕನೆ ಮುರಿದರು. ಒಂದೇ ಬಟ್ಟಲಿನ ಎಣ್ಣೆಯನ್ನು ಕೋಳಿಯ ಕಾಲಿಗೂ ಬುಂಚೂನ ಮಂಡಿಗೂ ಹಚ್ಚಿ, ಊದಿ, ಇಬ್ಬರಿಗೂ ಬಿದಿರಿನ ದಬ್ಬೆ ಕಟ್ಟಿದರು. "ಕೋಳಿ ನಡೆದ ದಿನ ಇವನೂ ನಡೀತಾನೆ. ಅದಕ್ಕೆ ಮುಂಚೆ ಕಾಲು ಊರಿದ್ರೆ ನನ್ನ ಕೇಳ್ಬೇಡಿ," ಎಂದರು. ಪಥ್ಯವೂ ಇತ್ತು. ಬಟ್ಟೆ ಒಣಹಾಕಿದ ಹಗ್ಗದ ಕೆಳಗೆ ಹಾಯಬಾರದು, ಸಾವಿನ ಮನೆಯ ಊಟ ಮಾಡಬಾರದು, ಕಳಲೆಯನ್ನಂತೂ ಮೂಸಿಯೂ ನೋಡಬಾರದು. ಕೋಳಿಯನ್ನು ನೋಡಿಕೊಳ್ಳುವ ಕೆಲಸ ಇಪ್ಪತ್ತು ವರ್ಷದ ಸಾಲಿಯ ಪಾಲಿಗೆ ಬಂತು.

ಇಪ್ಪತ್ತೆಂಟನೆಯ ದಿನ ಬೆಳಿಗ್ಗೆ ಕೋಳಿ ದಬ್ಬೆ ಕಿತ್ತುಕೊಂಡು, ಪಂಜರದಿಂದ ನುಸುಳಿ, ಅಕ್ಕಪಕ್ಕದವರೆಲ್ಲ ನೋಡುತ್ತಿದ್ದಂತೆ ಅಂಗಳದ ತುಂಬ ಓಡಾಡಿತು. ಅವರಮ್ಮ ಕೈಮುಗಿದು ಅತ್ತಳು. ಅಂದೇ ಭಿಕ್ಷುಗಳಿಗೆ ಚೀವರ, ಅಂದರೆ ಕಾವಿ ಬಟ್ಟೆ, ಕೊಡುವ ಹಬ್ಬ, ಸಂಜೆ ತಕ್ರೋ ಫೈನಲ್. ಅಂಕ ಹದಿನಾಲ್ಕು ಹದಿನಾಲ್ಕು ಆಗಿದ್ದಾಗ ಬುಂಚೂ ಹಾರಿದ. ಅಷ್ಟು ಎತ್ತರಕ್ಕೆ ಯಾರೂ ಹಾರಿದ್ದನ್ನು ನಮ್ಮವರು ಅದಕ್ಕೆ ಮುಂಚೆಯೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಗೆದ್ದ ಮೇಲೆ ಹುಡುಗರು ಅವನನ್ನು ಹೆಗಲ ಮೇಲೆ ಹೊತ್ತು, ಸನ್ಯಾಸ ಕೊಡುವ ಮುಂಚೆ ವಟುಗಳನ್ನು ಹೊರುತ್ತಾರಲ್ಲ ಹಾಗೆ, ವಿಹಾರಕ್ಕೆ ಮೂರು ಸುತ್ತು ಬಂದರು. ಅದೇ ಅವನ ಕೊನೆಯ ಆಟ. ಅಪ್ಪನ ಗದ್ದೆ, ಆಮೇಲೆ ಸಂಸಾರ ಎಂದು ಅವನು ಹೇಳಿದ. ಗೆದ್ದ ದಿನವೇ ಬಿಟ್ಟನಲ್ಲ, ಎಂಥ ಗಂಡಸು ಎಂದು ಜನ ಹೇಳಿದರು.

ಪಡಸಾಲೆಯಲ್ಲಿ ಸಾಲಿ ಅಂಟಕ್ಕಿಯ ಇನ್ನೊಂದು ಪೊಟ್ಟಣವನ್ನು ಬಿಚ್ಚಿದಳು, ತಿನ್ನದೆ ಮತ್ತೆ ಮಡಚಿದಳು.

"ಬುಂಚೂ, ಆ ಕೋಳಿ ಆ ಕೋಳಿ ಅಲ್ಲ ಕಣೋ."

"ಯಾವ ಕೋಳಿ?"

"ಓಡಿದ ಕೋಳಿ. ವೈದ್ಯರು ಕಾಲು ಮುರಿದ ಕೋಳೀನ ಹದಿನೇಳನೇ ದಿನಾನೇ ಉಡ ಹೊತ್ಕೊಂಡು ಹೋಯ್ತು." ಆ ಪ್ರಾಣಿಯ ಹೆಸರು ಹೇಳುವಾಗ ಅವಳು ದನಿ ತಗ್ಗಿಸಿದಳು. ನಮ್ಮಲ್ಲಿ ಅದು ಬೈಗುಳದ ಮಾತು. ಅದು ಅಂಗಳಕ್ಕೆ ಕಾಲಿಟ್ಟರೂ ಮನೆಗೆ ಕೇಡು ಎನ್ನುತ್ತಾರೆ. "ನಾನು ನೀರು ತರಕ್ಕೆ ಹೋಗಿದ್ದೆ. ಬಂದು ನೋಡಿದ್ರೆ ಪಂಜರ ಮಗುಚಿ ಬಿದ್ದೈತೆ, ನಾಲ್ಕು ಪುಕ್ಕ ಬಿದ್ದೈತೆ. ಉಡ ಬಿದಿರು ಮೆಳೆಯೊಳಗೆ ನುಗ್ತಾ ಇತ್ತು, ಬಾಯಲ್ಲಿ ದಬ್ಬೆ ಕಟ್ಟಿದ ಕಾಲು. ಅಮ್ಮಂಗೆ ಹೆಂಗೆ ಹೇಳ್ಲಿ? ಉಡ ತಿಂದಿದ್ದು ಕೋಳೀನಲ್ಲ, ನಿನ್ನ ಕಾಲನ್ನ ಅಂದ್ಕೊಂಡೆ. ಅವಳು ಎದೆ ಒಡ್ಕೊಂಡು ಸಾಯ್ತಿದ್ಲು."

"ಆಮೇಲೆ?"

"ಆಮೇಲೇನು, ಆಚೆ ಕೇರಿಗೆ ಹೋಗಿ ಅದೇ ಬಣ್ಣದ್ದು ಇನ್ನೊಂದು ತಂದೆ. ಬಾಲದಲ್ಲಿ ಒಂದು ಬಿಳಿ ಗರಿ ಇತ್ತು, ಕಿತ್ತಾಕಿದೆ. ಒಳ್ಳೇ ಕಾಲಿಗೇ ದಬ್ಬೆ ಕಟ್ಟಿ ಕೂರಿಸ್ದೆ. ಮೂರು ತಿಂಗಳು ಬಿಚ್ಚಲೇಬಾರ್ದು ಅಂತಿದ್ದೆ ಕಣೋ, ಬುದ್ಧನಾಣೆ. ಆ ಹಾಳು ಮುಂಡೇದು ತಾನೇ ಬಿಚ್ಕೊಂಡು ಊರೋರ ಮುಂದೆ ಓಡ್ತು. ಅಮ್ಮ ಅಳ್ತಾ ಅವಳೆ, ನೀನು ಮೇಲಿಂದ ಕೂಗ್ತಾ ಇದ್ದೀಯ. ನನ್ನ ನಾಲಿಗೆ ಬಿದ್ದೋಯ್ತು."

ಕಂಬಗಳ ಮೇಲೆ ನಿಂತ ಅಟ್ಟದ ಮನೆಯ ಹಲಗೆಗಳ ಸಂದಿನಿಂದ ಕೆಳಗಿನ ಪಂಜರವನ್ನು ನೋಡುತ್ತಾ ಮಲಗಿದ್ದ ಹಗಲುಗಳು ಬುಂಚೂಗೆ ನೆನಪಾದವು. ಮೇಲಿನಿಂದ ಕಾಣುತ್ತಿದ್ದದ್ದು ಒಂದು ಕಂದು ಬೆನ್ನು ಮಾತ್ರ. ಆ ಬೆನ್ನಿಗೆ ಅವನು ಎಷ್ಟೋ ಗುಟ್ಟು ಹೇಳಿದ್ದ, ಬೇಗ ನಡೆಯೇ ತಾಯಿ ಎಂದು ಬೇಡಿಕೊಂಡಿದ್ದ. ಅರ್ಧ ಬೇಡಿಕೆ ಇನ್ಯಾವುದೋ ಕೋಳಿಗೆ ಸಂದಿತ್ತು.

"ಮೂವತ್ತಮೂರು ವರ್ಷ ಅಕ್ಕಾ," ಎಂದ. ಅವನಿಗೆ ಸಿಟ್ಟು ಬಂದಿತ್ತು. ಆದರೆ ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತಿತ್ತು. "ನಾನು ಕಳಲೆ ತಿಂದಿದ್ದೆ."

"ಏನಂದೆ?"

"ಇಪ್ಪತ್ತನೇ ದಿನ. ನೀನೇ ಮಾಡಿದ್ದು, ಕಳಲೆ ಸಾರು. ನೀವೆಲ್ಲ ಗದ್ದೆಗೆ ಹೋಗಿದ್ರಿ. ಮೂರು ವಾರದಿಂದ ಗಂಜಿ ಕುಡಿದು ಕುಡಿದು ಸಾಕಾಗಿತ್ತು. ಕುಂಡಿ ಮೇಲೆ ತೆವಳ್ಕೊಂಡು ಒಲೆ ಹತ್ರ ಹೋಗಿ ಎರಡು ಬಟ್ಟಲು ತಿಂದೆ."

"ನೀನಾ!" ಸಾಲಿಯ ದನಿಗೆ ಎದುರು ಸಾಲಿನ ಪ್ಲಾಸ್ಟರ್ ಕಾಲಿನವರೆಲ್ಲ ತಿರುಗಿ ನೋಡಿದರು. "ನಾನು ನಾಯಿಗೆ ಹೊಡೆದಿದ್ನಲ್ಲೋ! ಸೌಟಲ್ಲಿ! ಪಾಪದ್ದು, ಎರಡು ದಿನ ಅಂಗಳಕ್ಕೆ ಬರ್ಲಿಲ್ಲ."

ಇಬ್ಬರಿಗೂ ನಗು ಬಂತು. ಬಾಯಿ ಮುಚ್ಚಿಕೊಂಡಷ್ಟೂ ಜಾಸ್ತಿಯಾಗುವ ನಗು. ಸಾಲಿ ಸ್ವಯಂಸೇವಕಿಯ ನೀಲಿ ಅಂಗಿಯ ತುದಿಯಿಂದ ಕಣ್ಣೊರೆಸಿಕೊಂಡಳು. ಆ ಮನೆ, ಆ ಒಲೆ, ಆ ನಾಯಿ, ಅಮ್ಮ, ಯಾವುದೂ ಈಗಿಲ್ಲ. ಆ ಕಾಲದ ಸಾರಿನ ಘಾಟು ಮಾತ್ರ ಇಬ್ಬರ ಮೂಗಿನಲ್ಲೂ ಒಂದೇ ಸಲ ಬಂದಂತಾಯಿತು.

ನಗು ನಿಂತ ಮೇಲೆ ಬುಂಚೂ ಮೆಲ್ಲಗೆ ಹೇಳಿದ. "ಕೋಳಿ ಓಡಿದ ದಿನಾನೂ ನನಗೆ ಮಂಡಿ ನಿಲ್ತಿರ್ಲಿಲ್ಲ ಅಕ್ಕ. ಕಾಲು ಊರಿದ್ರೆ ಒಳಗೆ ಏನೋ ಜಾರೋದು. ಕೋಳಿಗೆ ವಾಸಿಯಾಗಿ ನನಗೆ ಮಾತ್ರ ಯಾಕಿಲ್ಲ? ಪಥ್ಯ ಮುರಿದೋನು ನಾನು, ನಂದೇ ತಪ್ಪು, ಹೇಳಿದ್ರೆ ಅಮ್ಮ ಬೈತಾಳೆ ಅಂತ ಬಾಯಿ ಮುಚ್ಕೊಂಡು ಹೋಗಿ ಆಡ್ದೆ. ಇಷ್ಟು ವರ್ಷಾನೂ ಹಂಗೇ ಅಂದ್ಕೊಂಡಿದ್ದೆ."

"ನನಗೆ ಗೊತ್ತಿತ್ತು, ನಿನ್ನ ಕಾಲು ಸರಿ ಇಲ್ಲ ಅಂತ," ಎಂದಳು ಸಾಲಿ. "ಹಬ್ಬದ ದಿನ ಎಲ್ಲರೂ ವಿಹಾರದೊಳಗೆ ಕಾಲು ಮಡಿಸಿ ಕೂತಿದ್ರೆ ನೀನು ಹೊರಗೆ ಸೀಟಿ ಊದ್ಕೊಂಡು ಬೈಕು ಸಾಲಾಗಿ ನಿಲ್ಲಿಸ್ತಿರ್ತೀಯ. ಬುಂಚೂಗೆ ಎಂಥ ಸೇವಾ ಮನೋಭಾವ ಅಂತಾರೆ. ಆ ಸೀಟಿ ಕೇಳಿದಾಗೆಲ್ಲ ನನಗೆ ಪ್ರಾರ್ಥನೆ ಮರೆತುಹೋಗುತ್ತೆ."

ಅವನು ಬಲಮಂಡಿಯನ್ನು ಅಂಗೈಯಿಂದ ಉಜ್ಜಿಕೊಂಡ.

"ಈಗ ಆ ಹುಡುಗಿ ನಿನ್ನ ಕಥೆ ನಂಬ್ಕೊಂಡು ಕೋಳಿ ಹುಡುಕ್ತಾ ಅವಳೆ. ನಾನು ಹೇಳ್ಲಾ, ನೀನು ಹೇಳ್ತೀಯಾ?"

ಬುಂಚೂ ತನ್ನ ಕೈಗಳನ್ನು ನೋಡಿಕೊಂಡ. ಬೈತೋಯ್ ನಾಲ್ಕು ವರ್ಷದವಳಿದ್ದಾಗಿನಿಂದ ನಿದ್ದೆ ಬರಲು ಬೇಕಾದದ್ದು ಆ ಕಥೆಯೇ. ಆ ಕಥೆ ಕೇಳಿಯೇ ಅವಳು ಮೊದಲ ಚೆಂಡು ಒದ್ದದ್ದು. ಬೇರೆ ಮಕ್ಕಳ ಅಪ್ಪಂದಿರಿಗೆ ಅಂಗಡಿಗಳಿದ್ದವು, ಟ್ರ್ಯಾಕ್ಟರುಗಳಿದ್ದವು, ಅವನಿಗಿದ್ದದ್ದು ಇದೊಂದೇ. ಶಾಲೆಯಲ್ಲಿ ಅಪ್ಪನ ಬಗ್ಗೆ ಬರೆಯಿರಿ ಎಂದಾಗ ಅವಳು ಎರಡು ಪುಟ ಬರೆದಿದ್ದಳು.

"ಹೇಳಿದ್ರೆ ಅವಳ ಪಾಲಿಗೆ ನಾನು ಏನುಳೀತೀನಿ ಅಕ್ಕ?"

"ಅವಳ ಕಾಲು ಉಳಿಯುತ್ತೆ," ಎಂದಳು ಸಾಲಿ.

ಹನ್ನೊಂದು ನಲವತ್ತಕ್ಕೆ ಬೈತೋಯ್ ಎರಡು ಊರುಗೋಲುಗಳ ಮೇಲೆ ತಾನೇ ನಡೆದು ಬಂದಳು. ಮಂಡಿಗೆ ಕಪ್ಪು ಪಟ್ಟಿ ಬಿಗಿದಿದ್ದರು. "ನೋಡಪ್ಪ, ಈ ಪಟ್ಟಿ ಕಟ್ಕೊಂಡ್ರೆ ಅಲುಗಾಡೋದೇ ಇಲ್ಲ. ಇದನ್ನೇ ಕಟ್ಕೊಂಡು ಆಡಬೋದು," ಎನ್ನುತ್ತಾ ಇಬ್ಬರ ಮಧ್ಯೆ ಕೂತಳು.

"ಫೈನಲ್ ಕಥೆ ಹೇಳ್ಲಾ?" ಎಂದ ಬುಂಚೂ.

"ಈಗ್ಲಾ? ನನಗೆ ಬಾಯಿಗೆ ಬರುತ್ತೆ."

"ಎಲ್ಲೀವರೆಗೆ ಬರುತ್ತೆ, ಹೇಳು."

ಅವಳು ಬೇಸರದಿಂದ ಬೆರಳು ಮಡಿಸಿದಳು. "ಹದಿನಾಲ್ಕು ಹದಿನಾಲ್ಕು. ವಿಚಿಯನ್ ಚಿಕ್ಕಪ್ಪ ಚೆಂಡು ಎತ್ತಿಕೊಟ್ಟ. ನೀನು ಹಾರಿದೆ. ಆಕಾಶ ಕಾಣ್ತು, ವಿಹಾರದ ಕಲಶ ಕಾಣ್ತು, ಚೆಂಡು ಕಾಣ್ತು. ಹೊಡೆದೆ. ಗೆದ್ರಿ. ಹೆಗಲ ಮೇಲೆ ಮೂರು ಸುತ್ತು."

"ನಾನು ಕೆಳಗೆ ಬಂದಿದ್ದು?"

"ಯಾವಾಗ?"

"ಹಾರಿದ ಮೇಲೆ ಇಳೀಬೇಕಲ್ಲ."

ಬೈತೋಯ್ ಅಪ್ಪನ ಮುಖ ನೋಡಿದಳು. ಇಷ್ಟು ವರ್ಷದಲ್ಲಿ ಅವಳಿಗೆ ಆ ಪ್ರಶ್ನೆಯೇ ಬಂದಿರಲಿಲ್ಲ.

"ಬಲಗಾಲಿನ ಮೇಲೆ ಇಳಿದೆ," ಎಂದ ಬುಂಚೂ. "ಹಸಿ ಕಬ್ಬು ಮುರಿದಂಗೆ ಸದ್ದಾಯ್ತು. ಜನ ಕೂಗ್ತಾ ಇದ್ರು, ಯಾರಿಗೂ ಕೇಳಿಸ್ಲಿಲ್ಲ, ನನಗೊಬ್ಬನಿಗೇ ಕೇಳಿಸ್ತು. ಏಳಕ್ಕಾಗ್ಲಿಲ್ಲ. ವಿಚಿಯನ್ ಓಡಿ ಬಂದ. ನನ್ನ ಎತ್ಕೊಳೋ, ನಡೆಯಕ್ಕಾಗಲ್ಲ, ಯಾರಿಗೂ ಹೇಳ್ಬೇಡ ಅಂದೆ. ಅವನು ಹೆಗಲ ಮೇಲೆ ಎತ್ಕೊಂಡ. ಅದನ್ನ ನೋಡಿ ಮಿಕ್ಕೋರು ಬಂದು ಸೇರ್ಕೊಂಡ್ರು. ಮೂರು ಸುತ್ತು ಬಂದಿದ್ದು ಸಂತೋಷಕ್ಕಲ್ಲ ಮಗಾ. ಕೆಳಗಿಳಿಸಿದ್ರೆ ಬಿದ್ದೋಗ್ತಿದ್ದೆ, ಅದಕ್ಕೆ ಇನ್ನೊಂದು ಸುತ್ತು, ಇನ್ನೊಂದು ಸುತ್ತು ಅಂತ ನಾನೇ ಹೇಳ್ದೆ. ಮೇಲಿಂದ ಎಲ್ಲರ ಮುಖ ಕಾಣ್ತಿತ್ತು. ನಿಮ್ಮಜ್ಜಿ ನಗ್ತಾ ಅಳ್ತಾ ಇದ್ಲು. ನಿಮ್ಮತ್ತೆ ಒಬ್ಬಳೇ ನನ್ನ ಕಡೆ ನೋಡ್ಲಿಲ್ಲ."

ಸಾಲಿ ತನ್ನ ಪಾಲಿನದನ್ನು ಹೇಳಿದಳು. ಉಡ, ಬಿಳಿ ಗರಿ, ಒಳ್ಳೆಯ ಕಾಲಿಗೆ ಕಟ್ಟಿದ ದಬ್ಬೆ. ಚುಟುಕಾಗಿ ಹೇಳಿ ಮುಗಿಸಿ, "ಈಗ ಬೈಯಿ," ಎಂದಳು.

ಬೈತೋಯ್ ಬೈಯಲಿಲ್ಲ. ಅವಳ ಮೂಗಿನ ತುದಿ ಕೆಂಪಾಯಿತು.

"ಹಂಗಾದ್ರೆ ನನಗ್ಯಾಕೆ ಸುಳ್ಳು ಹೇಳ್ದೆ?" ಎಂದಳು ಅಪ್ಪನಿಗೆ.

"ಸುಳ್ಳು ಹೇಳ್ಲಿಲ್ಲ. ಅರ್ಧ ಹೇಳ್ದೆ."

"ಎಲ್ಲರೂ ನಿನ್ನ ಮಗಳು ಅಂತ ನನ್ನ ತೋರಿಸ್ತಾರೆ. ನಾನೂ ಅಷ್ಟೇ ಹಾರ್ತೀನಿ ಅಂತಾರೆ." ಅವಳಿಗೆ ಅಳು ತಡೆಯಲಾಗಲಿಲ್ಲ. ಊರುಗೋಲೊಂದು ಜಾರಿ ನೆಲಕ್ಕೆ ಬಿತ್ತು, ಯಾರೂ ಎತ್ತಲಿಲ್ಲ. ಕೈಯ ಹಿಂಬದಿಯಿಂದ ಮುಖ ಒರೆಸಿಕೊಂಡು ಕೇಳಿದಳು. "ಮೇಲಿದ್ದಾಗಿಂದು? ಕಲಶ ಕಂಡಿದ್ದು? ಅದಾದ್ರೂ ನಿಜಾನಾ?"

"ಅದು ನಿಜ," ಎಂದ ಬುಂಚೂ. "ಅಷ್ಟು ಚೆಂದ ಆಮೇಲೆ ಯಾವತ್ತೂ ಏನೂ ಕಾಣ್ಲಿಲ್ಲ. ನೀನು ಹುಟ್ಟಿದ ದಿನ ನಿನ್ನ ನೋಡಿದ್ದು ಬಿಟ್ರೆ. ಇನ್ನೊಂದೇ ಒಂದು ಸಲ ಹಾರ್ಬೇಕು ಅಂತ ಮೂವತ್ತಮೂರು ವರ್ಷದಿಂದ ಆಸೆ. ನೀನು ಒಂದು ಸಲ ಅಲ್ಲ, ಸಾವಿರ ಸಲ ಹಾರ್ಬೇಕು."

ಗಡಿಯಾರದಲ್ಲಿ ಹನ್ನೆರಡಕ್ಕೆ ಆರು ನಿಮಿಷವಿತ್ತು. ಬೈತೋಯ್ ಬಾಗಿಲ ಕಡೆ ನೋಡಿದಳು, ಮಂಡಿಯ ಕಪ್ಪು ಪಟ್ಟಿಯನ್ನು ನೋಡಿದಳು.

"ಆಯ್ಕೆಗೆ ಬರಲ್ಲ ಅಂತ ಕೋಚ್‌ಗೆ ನೀನು ಹೇಳ್ತೀಯಾ, ನಾನು ಹೇಳ್ಲಾ?"

"ಇಬ್ರೂ ಹೋಗಿ ಹೇಳಣ."

ಸಾಲಿ ಬಿದ್ದ ಊರುಗೋಲನ್ನು ಎತ್ತಿಕೊಟ್ಟಳು. ಹುಡುಗಿ ಅದನ್ನು ಕಂಕುಳಿಗೆ ಕೊಟ್ಟುಕೊಂಡು ಎದ್ದಳು. ಮುಕ್ಕಾಲು ಗಂಟೆಯಿಂದ ಕೂತಿದ್ದ ಬುಂಚೂಗೆ ಏಳಲು ಆಗಲಿಲ್ಲ. ಎಂದಿನಂತೆ ಕುರ್ಚಿಯ ಬೆನ್ನು ಹುಡುಕದೆ ಮಗಳ ಹೆಗಲಿಗೆ ಕೈ ಹಾಕಿ ಎದ್ದ. ಅವಳು ಎಡಕ್ಕೆ ವಾಲಿದರೆ ಅವನು ಬಲಕ್ಕೆ ವಾಲುತ್ತಾ ಇಬ್ಬರೂ ಬಾಗಿಲು ತಳ್ಳಿಕೊಂಡು ಒಳಗೆ ಹೋದರು.

ಡಾಕ್ಟರಮ್ಮ ಊಟಕ್ಕೆ ಏಳುವವರಿದ್ದರು. ಹೀಗೆ ತೂಗಾಡಿಕೊಂಡು ಬಂದ ಅಪ್ಪ ಮಗಳನ್ನು ನೋಡಿ ಮತ್ತೆ ಕೂತರು.

"ನನ್ನ ಹೆಸರು ಬರ್ಕೊಳ್ಳಿ ಡಾಕ್ಟ್ರೇ," ಎಂದಳು ಬೈತೋಯ್. ಅವರು ಬರೆದುಕೊಂಡು ಮುಗಿಸುವವರೆಗೂ ಕಾದಳು. ಆಮೇಲೆ ಅಪ್ಪನನ್ನು ಮುಂದಿನ ಸ್ಟೂಲಿನ ಕಡೆ ಮೆಲ್ಲಗೆ ನೂಕಿದಳು. "ಇವನದ್ದೂ ಒಂಚೂರು ನೋಡಿ."

ಬುಂಚೂ ಬೇಡ ಎನ್ನಲು ಬಾಯಿ ತೆರೆದವನು ಸ್ಟೂಲಿನ ಮೇಲೆ ಕೂತ. ಬಗ್ಗಿ ಪ್ಯಾಂಟಿನ ಬಲಗಾಲನ್ನು ಮೇಲಕ್ಕೆ ಮಡಿಸತೊಡಗಿದ. ಮೀನಖಂಡದವರೆಗೆ ಬಟ್ಟೆ ಸಲೀಸಾಗಿ ಬಂತು. ಊದಿದ ಮಂಡಿಯ ಹತ್ತಿರ ಸಿಕ್ಕಿಕೊಂಡಿತು. ಬೈತೋಯ್ ಊರುಗೋಲುಗಳನ್ನು ಗೋಡೆಗೆ ಒರಗಿಸಿ, ತನ್ನ ಕಾಲನ್ನು ಪಕ್ಕಕ್ಕೆ ನೀಡಿಕೊಂಡು ಅವನ ಮುಂದೆ ನೆಲದ ಮೇಲೆ ಕೂತು, ಎರಡೂ ಕೈಗಳಿಂದ ಬಟ್ಟೆಯನ್ನು ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೆ ಸರಿಸಿದಳು.